ಆಟದಲ್ಲಿ ಮಾತುಗಾರ, ಕ್ಲಾಸಲ್ಲಿ ಮೂಕ: ನೀವೇನು ಮಾಡಿದಿರಿ?

ಪ್ರಶ್ನೆ, ಕೊಡಗಿನ ಸಿದ್ದಾಪುರ ಕಡೆಯ ಟೀಚರ್:
ನಮ್ಮ ಎರಡನೇ ಕ್ಲಾಸಿನಲ್ಲಿ ಕಾಫಿ ತೋಟದ ಕೆಲಸಗಾರರ ಲೈನ್‌ಮನೆಯ ಯರವ ಬುಡಕಟ್ಟಿನ ಹುಡುಗನೊಬ್ಬನಿದ್ದಾನೆ. ಏನು ಕೇಳಿದರೂ "ಹೂಂ", ಇಲ್ಲ "ಗೊತ್ತಿಲ್ಲ". ಆಟಕ್ಕೆ ಬಿಟ್ಟರೆ ಬಾಯಿ ಮುಚ್ಚುವುದಿಲ್ಲ! ಮನೆಯಲ್ಲಿ ಮಾತು ಕಲಿಸಿಲ್ಲ ಅಂತಾರೆ ಜೊತೆಯ ಟೀಚರುಗಳು. ಇಂಥ ಮಕ್ಕಳ ಅನುಭವ ಇದ್ದವರು ಹೇಳಿ.

ಪೊನ್ನಂಪೇಟೆ, ನಿವೃತ್ತ ಮೇಷ್ಟ್ರು:
ಆಟದಲ್ಲಿ ಅಷ್ಟು ಮಾತಾಡುವವನಿಗೆ ಮಾತು ಬರಲ್ಲ ಅನ್ನುವುದು ಹೇಗೆ ಮೇಡಂ? ಮನೆಯಲ್ಲಿ ಯರವ ಭಾಷೆ, ಪಕ್ಕದ ಲೈನಿನಲ್ಲಿ ತಮಿಳೋ ಮಲಯಾಳವೋ, ಸಾಹುಕಾರರ ಅಂಗಳದಲ್ಲಿ ಕೊಡವ ತಕ್ಕ್ (ಕೊಡವರ ಭಾಷೆ). ಪುಸ್ತಕದ ಕನ್ನಡ ಆಮೇಲೆ ಬಂದದ್ದು.

ವಿಲಿಯಂ ಲಬೋವ್ ಅನ್ನುವ ಭಾಷಾತಜ್ಞರು ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪು ಮಕ್ಕಳ ಬಗ್ಗೆ 1969ರಲ್ಲಿ ಬರೆದದ್ದು ನನಗೆ ತುಂಬಾ ಉಪಯೋಗಕ್ಕೆ ಬಂತು. 8 ವರ್ಷದ ಹುಡುಗ ದೊಡ್ಡವರ ಪ್ರಶ್ನೆಗೆ ಒಂದೊಂದೇ ಪದ ಉದುರಿಸುತ್ತಿದ್ದ. ಪ್ರಶ್ನೆ ಕೇಳುವವರು ಚಿಪ್ಸ್ ತಂದು, ಅವನ ಗೆಳೆಯನನ್ನೂ ಕರೆಸಿ, ನೆಲದ ಮೇಲೆ ಕೂತರು. ಆಗ ಹುಡುಗರಿಬ್ಬರೂ ನಾ ಮುಂದು ತಾ ಮುಂದು ಅಂತ ಮಾತಾಡಿದರು. ಶರ್ಲಿ ಬ್ರೈಸ್ ಹೀತ್ ಅನ್ನುವ ಸಂಶೋಧಕಿ ಅಮೆರಿಕದ ಇನ್ನೊಂದು ಕಡೆ ಕಂಡದ್ದೂ ಇದಕ್ಕೆ ಹತ್ತಿರ. ಅಲ್ಲಿನ ಕೆಲವು ಮನೆಗಳಲ್ಲಿ ದೊಡ್ಡವರು ತಮಗೆ ಗೊತ್ತಿರುವುದನ್ನೇ ಮಕ್ಕಳನ್ನು ಕೇಳುವ ರೂಢಿಯೇ ಇರಲಿಲ್ಲ. ನಾವು ಮೇಷ್ಟ್ರುಗಳು ದಿನವಿಡೀ ಕೇಳುವುದು ಅದನ್ನೇ ಅಲ್ವಾ? "ಈ ಹೂವಿನ ಬಣ್ಣ ಏನು?" ಅಂತ!

ನಾನು ನಿಜಕ್ಕೂ ಗೊತ್ತಿಲ್ಲದ್ದನ್ನು ಕೇಳಲು ಶುರು ಮಾಡಿದೆ. "ರಾತ್ರಿ ತೋಟಕ್ಕೆ ಆನೆ ಬಂತಂತಲ್ಲ, ಹೇಗೆ ಓಡಿಸಿದರು?" ಯಾರೂ ಸುಮ್ಮನೆ ಕೂರಲಿಲ್ಲ. ಭಾಷೆ ಕಲಸುಮೇಲೋಗರ, ನಡುವೆ ತಿದ್ದಲಿಲ್ಲ. ಆಮೇಲೆ ಅವರು ಹೇಳಿದ್ದನ್ನೇ ಪುಸ್ತಕದ ಕನ್ನಡದಲ್ಲಿ ನಾಲ್ಕು ಸಾಲು ಬೋರ್ಡಿನ ಮೇಲೆ ಬರೆದು ಓದಿಸಿದೆ. ತಮ್ಮದೇ ಮಾತು ನೋಡಿ, ಬೇಗ ಹಿಡಿದರು.

ಎಸ್ಟೇಟ್ ರೈಟರ್ (ತೋಟದ ಲೆಕ್ಕ ಬರೆಯುವವರು), ಸುಂಟಿಕೊಪ್ಪ:
ಎಲ್ಲವನ್ನೂ ಮಾತಿನ ತಲೆಗೆ ಕಟ್ಟಬೇಡಿ ಸಾರ್. ಕಾಫಿ ಕುಯ್ಲಿನ ತಿಂಗಳುಗಳ ಹಾಜರಿ ತೆಗೆದು ನೋಡಿ. ಅಪ್ಪ ಅಮ್ಮ ಇಬ್ಬರೂ ತೋಟಕ್ಕೆ ಹೋದರೆ ಚಿಕ್ಕ ಮಗುವನ್ನು ನೋಡಿಕೊಳ್ಳುವುದು ಇದೇ ಹುಡುಗ. ವಾರಗಟ್ಟಲೆ ಪಾಠ ತಪ್ಪಿದ ಮೇಲೆ ಯಾರು ತಾನೇ ಬಾಯಿ ಬಿಡ್ತಾರೆ?

ಮಡಿಕೇರಿ, ಒಬ್ಬ ತಾಯಿ:
ನಮ್ಮ ಮನೆಯಲ್ಲಿ ಅರೆಭಾಷೆ, ಈ ಕಡೆಯ ಕನ್ನಡದ್ದೇ ಒಂದು ಬಗೆ. ಪರೀಕ್ಷೆ ಅದರಲ್ಲಿ ಬರಲ್ಲ, ಹಾಗಾಗಿ ಶಾಲೆಯ ಕನ್ನಡ ಬೇಕೇ ಬೇಕು. ಮಗಳ ಟೀಚರ್ "ಮನೆಯಲ್ಲಿ ಹೇಗೆ ಹೇಳ್ತೀಯ? ಈಗ ಉತ್ತರದಲ್ಲಿ ಹೇಗೆ ಬರೀತೀಯ?" ಅಂತ ಎರಡನ್ನೂ ಹೇಳಿಸುತ್ತಿದ್ದರು. ಅದು ಚೆನ್ನಾಗಿ ನಡೆಯಿತು. ಆದರೆ ನಿಮ್ಮ ಆ ಹುಡುಗ ಮಾತಾಡಿದಾಗ ನಗುವವರನ್ನು ಮೊದಲು ನಿಲ್ಲಿಸಿ ಟೀಚರ್, ಸ್ಟಾಫ್ ರೂಮಿನಲ್ಲೂ.