ಕಾದಂಬರಿಯ ಕಾಡುಜನರಿಗೆ ಭಾಷೆ ಕಟ್ಟುತ್ತಿದ್ದೇನೆ, ಆದರೆ ಅದು ಕನ್ನಡದ ಹಾಗೇ ಕೇಳಿಸುತ್ತೆ. ಏನು ಮಾಡಲಿ?

ಪ್ರಶ್ನೆ:
ಮೇಷ್ಟ್ರೇ, ನಮಸ್ಕಾರ. ಭಾಷಾವಿಜ್ಞಾನ ಪಾಠ ಮಾಡುವವರು ಈ ಗುಂಪಿನಲ್ಲಿ ನೀವೊಬ್ಬರೇ ಅಂತ ನಿಮ್ಮನ್ನೇ ಕೇಳುತ್ತಿದ್ದೇನೆ. ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ಬರುವ ಕಾಡುಜನರಿಗೆ ಅವರದೇ ಭಾಷೆ ಬೇಕು, ಕ್ಲಿಂಗನ್ ತರ. ಕನ್ನಡದ ಅಕ್ಷರಗಳನ್ನೆಲ್ಲ ಇಟ್ಟುಕೊಂಡು, ಮೇಲೆ ಉರ್ದುವಿನ ಖ಼, ಗ಼, ಜ಼, ತಮಿಳಿನ ೞ, ಆಫ್ರಿಕಾದ ಕ್ಲಿಕ್ ಎಲ್ಲಾ ಸೇರಿಸಿದೆ. ಕ್ರಿಯಾಪದ ಹೀಗಿದೆ: ನೊರು ಅಂದರೆ ನೋಡು. ನೊರುಕೆ ಅಂದರೆ ನೋಡುತ್ತೇನೆ, ನೊರುಕಿ ನೋಡುತ್ತೀಯ, ನೊರುಕ ನೋಡುತ್ತಾನೆ, ನೊರುಕು ನೋಡುತ್ತಾಳೆ. ಇಷ್ಟೆಲ್ಲ ಮಾಡಿದ ಮೇಲೂ ಓದಿದ ಗೆಳೆಯ "ಇದು ಕನ್ನಡವೇ ಅಲ್ವಾ ಮಾರಾಯ" ಅಂದುಬಿಟ್ಟ. ಎಲ್ಲಿ ಎಡವಿದೆ?

ಉತ್ತರ:
ಗೆಳೆಯ ಹೇಳಿದ್ದು ಸರಿ. ನೀವು ಸದ್ದುಗಳನ್ನು ಸೇರಿಸುತ್ತಾ ಹೋಗಿದ್ದೀರಿ, ಒಂದನ್ನೂ ತೆಗೆದಿಲ್ಲ. ಪರಭಾಷೆ ಕೇಳುವಾಗ ಕಿವಿ ಮೊದಲು ಹಿಡಿಯೋದು ಅಲ್ಲಿ ಇಲ್ಲದ ಸದ್ದನ್ನು. ತಮಿಳರು ಕನ್ನಡ ಮಾತಾಡಿದರೆ ನಮಗೆ ತಕ್ಷಣ ಗೊತ್ತಾಗೋದು ಮಹಾಪ್ರಾಣ ಕಾಣೆಯಾದಾಗಲೇ.

ಕ್ಲಿಂಗನ್ ಅನ್ನೇ ನೋಡಿ. ಗೊತ್ತಿಲ್ಲದವರಿಗೆ ಹೇಳೋದಾದರೆ, ಅದು ಸ್ಟಾರ್ ಟ್ರೆಕ್ ಸಿನಿಮಾಗಳಲ್ಲಿ ಬರುವ ಅನ್ಯಗ್ರಹದ ಯೋಧರ ಭಾಷೆ. 1979ರ ಮೊದಲ ಸಿನಿಮಾಕ್ಕೆ ನಟ ಜೇಮ್ಸ್ ಡೂಹನ್ ಒಂದಿಷ್ಟು ಸಾಲು ಹೊಸೆದುಕೊಟ್ಟಿದ್ದರು. 1984ರ ಮೂರನೇ ಸಿನಿಮಾಕ್ಕೆ ಮಾರ್ಕ್ ಓಕ್ರಂಡ್ ಅನ್ನುವ ಭಾಷಾವಿಜ್ಞಾನಿ ಬಂದು ಪೂರ್ತಿ ವ್ಯಾಕರಣ ಕಟ್ಟಿದರು, ಮರುವರ್ಷ ನಿಘಂಟೂ ಬಂತು. ಒಟ್ಟು 21 ವ್ಯಂಜನ, 5 ಸ್ವರ. ಅಷ್ಟೇ. ಕನ್ನಡಕ್ಕಿಂತ ಕಡಿಮೆ!

ಅದರಲ್ಲಿ ಭೂಮಿ ಮೇಲೆ ಇಲ್ಲದ ಸದ್ದು ಒಂದೂ ಇಲ್ಲ. ಆದರೆ ಕೂಡಿಸಿದ ರೀತಿ ವಿಚಿತ್ರ. ಡ ಇದೆ, ದ ಇಲ್ಲ. ತ ಇದೆ, ಟ ಇಲ್ಲ. ಷ ಇದೆ, ಸ ಇಲ್ಲ, ಶ ಕೂಡ ಇಲ್ಲ. ಕ, ಗ ಎರಡೂ ಇಲ್ಲ, ಅವುಗಳ ಬದಲು ಕಿರುನಾಲಿಗೆ ಹತ್ತಿರ ಹುಟ್ಟುವ ಎರಡು ಒರಟು ಕ-ಗಳಿವೆ. ನಾವು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ವರ್ಗಗಳನ್ನು ನೆನಪು ಮಾಡಿಕೊಳ್ಳಿ. ಟ ಇದ್ದ ಕಡೆ ಡ, ತ ಇದ್ದ ಕಡೆ ದ. ಮನುಷ್ಯರ ಭಾಷೆಗಳು ಸಾಮಾನ್ಯವಾಗಿ ಹೀಗೆ ಜೋಡಿಯಾಗಿ, ಒಂದೇ ಜಾಗದಲ್ಲಿ ಸದ್ದು ಇಟ್ಟುಕೊಳ್ಳುತ್ತವೆ. ಓಕ್ರಂಡ್ ಬೇಕಂತಲೇ ಆ ಜೋಡಿಗಳನ್ನು ಮುರಿದರು. ಡ ಅನ್ನಲು ನಾಲಿಗೆ ಮೇಲಕ್ಕೆ ಮಡಚುತ್ತದೆ, ತ ಅನ್ನಲು ಮುಂದಕ್ಕೆ ಓಡಬೇಕು. ಇಂಗ್ಲಿಷಿನವರಿಗೆ ಆ ಡ-ನೇ ಒದ್ದಾಟ, ನಮಗೆ ಅದು ನೀರು ಕುಡಿದಷ್ಟು ಸುಲಭ. ನಮಗೆ ಕಷ್ಟ ಆಗೋದು ಟ, ದ ಇಲ್ಲದೆ ಮಾತಾಡೋದು.

ಹಾಗಾಗಿ ಮೊದಲ ಕೆಲಸ: ನಿಮ್ಮ ಪಟ್ಟಿಯಿಂದ ಅರ್ಧಕ್ಕರ್ಧ ಹೊಡೆದುಹಾಕಿ, ಅದೂ ಓರೆಕೋರೆಯಾಗಿ.

ಇನ್ನು ಕ್ರಿಯಾಪದ. ನಿಮ್ಮ ನೊರು ಬರೀ ವೇಷ ಹಾಕಿದ ಕನ್ನಡ. ನಾನು, ನೀನು, ಅವನು, ಅವಳು ಅಂತ ಕನ್ನಡ ಎಲ್ಲೆಲ್ಲಿ ಬೇರೆ ಮಾಡುತ್ತದೋ ಅಲ್ಲೆಲ್ಲ ನೀವೂ ಬೇರೆ ಮಾಡಿದ್ದೀರಿ, ಅದನ್ನೂ ಪದದ ಕೊನೆಯಲ್ಲೇ. ದೂರ ಹೋಗೋದೇ ಬೇಡ, ಪಕ್ಕದ ಮಲಯಾಳಂ ನೋಡಿ. ಞಾನ್ ವನ್ನು, ನೀ ವನ್ನು, ಅವನ್ ವನ್ನು. ಬಂದದ್ದು ಯಾರೇ ಆಗಲಿ ಕ್ರಿಯಾಪದ ಬದಲಾಗಲ್ಲ. ನಮ್ಮದೇ ಕುಟುಂಬದ ಭಾಷೆ ಇಷ್ಟು ಬೇರೆ ದಾರಿ ಹಿಡಿದಿರುವಾಗ ನಿಮ್ಮ ಕಾಡುಜನ ಯಾಕೆ ನಮ್ಮ ದಾರಿಯಲ್ಲೇ ಬರಬೇಕು?

ಕ್ಲಿಂಗನ್ ಉಲ್ಟಾ ಕಡೆಗೆ ಹೋಗಿದೆ. ಯಾರು ಮಾಡಿದರು ಅನ್ನೋದರ ಜೊತೆಗೆ ಯಾರಿಗೆ ಮಾಡಿದರು ಅನ್ನೋದನ್ನೂ ಸೇರಿಸಿ ಒಂದೇ ಪ್ರತ್ಯಯದಲ್ಲಿ ಹೇಳುತ್ತದೆ. ಆ ಪ್ರತ್ಯಯ ಪದದ ಶುರುವಿನಲ್ಲೇ ಬರುತ್ತದೆ. ಲೆಘ್ ಅಂದರೆ ನೋಡು. ಕಾಲೆಘ್ ಅಂದರೆ ನಾನು ನಿನ್ನನ್ನು ನೋಡುತ್ತೇನೆ, ಚೋಲೆಘ್ ಅಂದರೆ ನೀನು ನನ್ನನ್ನು, ವಿಲೆಘ್ ನಾನು ಅವನನ್ನು, ಡಾಲೆಘ್ ನೀನು ಅವನನ್ನು, ಮೂಲೆಘ್ ಅವನು ನನ್ನನ್ನು. ಹೀಗೆ ಇಪ್ಪತ್ತಕ್ಕೂ ಜಾಸ್ತಿ ಇವೆ. ಅವನು ಅವನನ್ನು ನೋಡುತ್ತಾನೆ ಅನ್ನಲು ಮಾತ್ರ ಏನೂ ಬೇಡ, ಬರೀ ಲೆಘ್. ಕನ್ನಡ ಲಿಪಿಯಲ್ಲಿ ಬರೆದಾಗ ಇದು ಸಾಧುವಾಗಿ ಕಾಣಿಸುತ್ತೆ ಅಷ್ಟೇ. ಆ ಘ್ ನಮ್ಮ ಘ ಅಲ್ಲ, ಗಂಟಲು ಉಜ್ಜಿಕೊಂಡು ಬರುವ ಗ಼.

ಆದರೆ ಧಾತುವಿನ ನಂತರ ಬರುವ ಭಾಗ ನೋಡಿದರೆ ಕನ್ನಡದವರಿಗೆ ಖುಷಿಯಾಗುತ್ತೆ. ಷೋಪ್ ಅಂದರೆ ತಿನ್ನು. "ಅವನಿಗೆ ತಿನ್ನಿಸಲಾರೆಯಾ?" ಅನ್ನೋದನ್ನು ಕ್ಲಿಂಗನ್‌ನಲ್ಲಿ ಒಂದೇ ಪದದಲ್ಲಿ ಹೇಳಬಹುದು: ಡಾಷೋಪ್‌ಮೋಹ್‌ಲಾಹ್‌ಬೆ''ಆ'. ಬಿಡಿಸೋಣ. (ಈ ' ಗುರುತು ಬಂದ ಕಡೆ ಗಂಟಲು ಥಟ್ಟನೆ ಮುಚ್ಚಿ ದನಿ ತಡೆಯಬೇಕು.) ಡಾ ಅಂದರೆ ನೀನು-ಅವನನ್ನು. ಷೋಪ್ ತಿನ್ನು. ಮೋಹ್ ನಮ್ಮ ಇಸು. ಲಾಹ್ ಅಂದರೆ ಬಲ್ಲ, ಬೆ' ಅಂದರೆ ಇಲ್ಲ, ಎರಡೂ ಸೇರಿ ನಮ್ಮ ಲಾರ. ಕೊನೆಯ 'ಆ' ಪ್ರಶ್ನೆ. ನಮ್ಮ ತಿನ್ನಿಸಲಾರೆಯಾ ಕೂಡ ಇದೇ ಸಾಲು, ತಿನ್ನು, ಇಸು, ಲಾರ, ಕೊನೆಗೆ ಪ್ರಶ್ನೆಯ ಆ. ಪ್ರಶ್ನೆಯ ಪ್ರತ್ಯಯವೂ ಹೆಚ್ಚುಕಡಿಮೆ ಅದೇ ಸದ್ದು! ಸುಮ್ನೆ ಕಾಕತಾಳೀಯ, ಇದರಿಂದ ಯಾರೂ ಕ್ಲಿಂಗನ್ನರು ಕನ್ನಡಿಗರು ಅಂತ ಪೋಸ್ಟ್ ಹಾಕಬೇಡಿ ದಯವಿಟ್ಟು.

ಬೆ' ಬಗ್ಗೆ ಇನ್ನೊಂದು ಮಾತು. ಕ್ರಿಯಾಪದದ ಹೆಚ್ಚಿನ ಪ್ರತ್ಯಯಗಳಿಗೆ ಒಂಬತ್ತು ಗುಂಪು, ಗುಂಪಿಗೊಂದು ನಿಗದಿತ ಜಾಗ. ಈ ಗುಂಪುಗಳ ಹೊರಗಿರುವ ಕೆಲವೇ ಪ್ರತ್ಯಯಗಳಲ್ಲಿ ಬೆ' ಒಂದು, ಅದು ಅಲೆಮಾರಿ. ತನ್ನ ಎಡಕ್ಕೆ ಏನಿದೆಯೋ ಅದನ್ನು ಇಲ್ಲವಾಗಿಸುತ್ತದೆ. ಕಾಂಗ್ ಅಂದರೆ ಒಪ್ಪಿ ಮಾಡೋದು. ವಿಷೋಪ್‌ಕಾಂಗ್‌ಬೆ' ಅಂದರೆ ಅದನ್ನು ತಿನ್ನಲು ನಾನು ಒಪ್ಪಲ್ಲ. ವಿಷೋಪ್‌ಬೆ'ಕಾಂಗ್ ಅಂದರೆ ಅದನ್ನು ತಿನ್ನದೇ ಇರಲು ಒಪ್ಪುತ್ತೇನೆ. ಕನ್ನಡದಲ್ಲಿ ಹೋಗಬೇಕಾಗಿಲ್ಲ, ಹೋಗಬಾರದು ಅಂತ ಬೇರೆ ಬೇರೆ ರೂಪ ಬೇಕಾಗುವ ಕಡೆ ಅವರು ಜಾಗ ಬದಲಿಸಿಯೇ ಕೆಲಸ ಮುಗಿಸುತ್ತಾರೆ. ಇಂಥದ್ದನ್ನು ಕದಿಯಿರಿ.

ಪ್ರಶ್ನೆ:
ಕ್ಲಿಂಗನ್‌ನಲ್ಲಿ 'ತ್ಲ್' ತರದ್ದೊಂದು ಸದ್ದು ಇದೆಯಂತೆ. ಯೂಟ್ಯೂಬ್ ನೋಡಿ ಪ್ರಯತ್ನ ಮಾಡಿದೆ, ಮನೆಯವರು ಹೆದರಿದರು. ಬಾಯಲ್ಲಿ ಏನು ಮಾಡಬೇಕು?

ಉತ್ತರ:
ನಾಲಿಗೆ ತುದಿಯನ್ನು ತ್ ಜಾಗದಲ್ಲಿ ಒತ್ತಿ ಹಿಡಿಯಿರಿ. ತುದಿ ಬಿಡಬೇಡಿ. ನಾಲಿಗೆಯ ಎರಡು ಪಕ್ಕ ಮಾತ್ರ ಸಡಿಲಿಸಿ ಉಸಿರು ಜೋರಾಗಿ ಬಿಡಿ, ದನಿ ಬೇಡ. ಕೆನ್ನೆ ಪಕ್ಕದಿಂದ ಗಾಳಿ ನುಗ್ಗಿದರೆ ಸರಿಯಾಗಿದೆ ಅಂತ. ಕ್ಲಿಂಗನ್ನರು ತಮ್ಮನ್ನು ಕರೆದುಕೊಳ್ಳುವ ಹೆಸರೇ ಈ ಸದ್ದಿನಿಂದ ಶುರುವಾಗುತ್ತೆ. ಮೆಕ್ಸಿಕೋದ ನಾವಾಟ್ಲ್ ಭಾಷೆಯಲ್ಲಿ, ಅಮೆರಿಕದ ನವಾಹೋ ಭಾಷೆಯಲ್ಲಿ ಇದು ದಿನನಿತ್ಯದ ಸದ್ದು. ನಾವು ಸಾರಿಗೆ ಹಾಕುವ ಟೊಮೆಟೊದ ಹೆಸರು ಕೂಡ ನಾವಾಟ್ಲ್‌ನ ತೊಮಾತ್ಲ್ ಅನ್ನುವ ಪದದಿಂದ ಬಂದದ್ದು.

ಗಂಟಲಿನ ಕ ಬೇಕಿದ್ದರೆ ಅರಬ್ಬಿ ಕುರಾನ್ ಓದುವವರ ಬಾಯಲ್ಲಿ ಕೇಳಿ. ನಮ್ಮ ಬೀದರ್, ಕಲಬುರಗಿ ಕಡೆಯ ದಖನಿ ಉರ್ದುವಿನಲ್ಲಿ ಅದು ಖ಼ ಆಗಿಬಿಟ್ಟಿದೆ, ಹಾಗಾಗಿ ಅಲ್ಲಿ ಹುಡುಕಬೇಡಿ.

ಪ್ರಶ್ನೆ:
ಕ್ಲಿಂಗನ್ ಕ್ರಿಯಾಪದಕ್ಕೆ ಕಾಲವೇ ಇಲ್ಲ ಅಂತ ಓದಿದೆ. ಭೂತಕಾಲ ಇಲ್ಲದೆ ಕಥೆ ಹೇಳೋದು ಹೇಗೆ ಸಾಧ್ಯ?

ಉತ್ತರ:
ಆರಾಮಾಗಿ. "ದಿನಾ ಬರ್ತೀನಿ", "ನಾಳೆ ಬರ್ತೀನಿ". ಎರಡರಲ್ಲೂ ನೀವು ಹೇಳೋದು ಬರ್ತೀನಿ ಅಂತಲೇ. ಭವಿಷ್ಯ ಇರೋದು ನಾಳೆ ಅನ್ನೋ ಪದದಲ್ಲಿ. ಕ್ಲಿಂಗನ್ ಅದನ್ನೇ ಎಲ್ಲ ಕಾಲಕ್ಕೂ ಮಾಡುತ್ತದೆ. ನಿನ್ನೆಗೆ ವಾ'ಹೂ', ನಾಳೆಗೆ ವಾ'ಲೆಷ್, ಕ್ರಿಯಾಪದ ಹಾಗೇ ಇರುತ್ತದೆ. ಕ್ರಿಯಾಪದ ಹೇಳೋದು ಕೆಲಸ ಮುಗಿದಿದೆಯಾ ನಡೀತಾ ಇದೆಯಾ ಅನ್ನೋದನ್ನು. ಪೂ' ಹಾಕಿದರೆ ಮುಗಿದಿದೆ, ತಾಹ್ ಹಾಕಿದರೆ ನಡೀತಿದೆ. ನಾಳೆಯ ಮಾತಿಗೂ ಪೂ' ಹಾಕಬಹುದು, ನಾವು "ನೀನು ಬರೋಷ್ಟರಲ್ಲಿ ಮುಗಿಸಿರ್ತೀನಿ" ಅನ್ನೋ ಹಾಗೆ.

ವಾಕ್ಯದ ಕ್ರಮವೂ ತಿರುಗಮುರುಗ, ಕರ್ಮ ಮೊದಲು, ಆಮೇಲೆ ಕ್ರಿಯೆ, ಕೊನೆಗೆ ಕರ್ತೃ. ಇದೂ ಪೂರ್ತಿ ಕಲ್ಪನೆ ಅಲ್ಲ. ಬ್ರೆಜಿಲ್‌ನ ಹಿಶ್ಕರ್ಯಾನ ಅನ್ನುವ ಭಾಷೆ ಹೀಗೇ ಇದೆ, ಆದರೆ ಇಂಥವು ತುಂಬಾ ಅಪರೂಪ. ಓಕ್ರಂಡ್ ಇದನ್ನು ಆರಿಸಿಕೊಂಡದ್ದೂ ಅದಕ್ಕೇ.

ಇನ್ನೊಂದು ನನಗೆ ತುಂಬಾ ಇಷ್ಟ. ವಿಪ್ ಅನ್ನುವ ಪ್ರತ್ಯಯ ಹಚ್ಚಿದರೆ "ಮಾಡಲು ಹೆದರು" ಅಂತ ಅರ್ಥ. ವ್ಯಾಕರಣದ ಪ್ರಕಾರ ಯಾವ ಪುರುಷಕ್ಕೆ ಬೇಕಾದರೂ ಬರಬಹುದು. ಆದರೆ ನಾನು ಹೆದರುತ್ತೇನೆ, ನಾವು ಹೆದರುತ್ತೇವೆ ಅಂತ ಕ್ಲಿಂಗನ್ನರು ಹೇಳೋದಿಲ್ಲ, ಮರ್ಯಾದೆ ಹೋಗುತ್ತೆ. ಇಡೀ ಯೋಧಸಂಸ್ಕೃತಿ ಒಂದು ಖಾಲಿ ಜಾಗದಲ್ಲಿ ಬಂದು ಕೂತಿದೆ. ಬಾಕಿ ಸಿನಿಮಾ ನೋಡದಿದ್ದರೂ ನಡೆಯುತ್ತೆ.

ಪ್ರಶ್ನೆ:
ಬಾಹುಬಲಿಯ ಕಿಲಿಕಿ ಬಗ್ಗೆ ಯಾಕೆ ಮಾತಾಡ್ತಿಲ್ಲ?

ಉತ್ತರ:
ಅದೂ ಲೆಕ್ಕಕ್ಕಿದೆ. 2015ರ ಸಿನಿಮಾಕ್ಕೆ ಮದನ್ ಕಾರ್ಕಿ ಕಟ್ಟಿದ ಭಾಷೆ, ಸುಮ್ನೆ ಬಡಬಡಿಸಿದ್ದಲ್ಲ. ಅದರ ಕ್ಲಿಕ್ ಸದ್ದು ಎಲ್ಲರಿಗೂ ನೆನಪಿದೆ. ಕ್ಲಿಕ್ ನಮಗೂ ಹೊಸದಲ್ಲ. ಅಯ್ಯೋ ಪಾಪ ಅನ್ನುವಾಗ ಲೊಚಗುಟ್ಟುತ್ತೇವೆ, ಅದು ಕ್ಲಿಕ್ಕೇ. ಆದರೆ ನಾವು ಅದನ್ನು ಪದದೊಳಗೆ ಸೇರಿಸಲ್ಲ, ದಕ್ಷಿಣ ಆಫ್ರಿಕಾದ ಜ಼ೂಲು, ಖೋಸಾ ಭಾಷೆಗಳವರು ಕ, ಪ ಬಳಸಿದ ಹಾಗೆ ಬಳಸುತ್ತಾರೆ. ಪ್ರಶ್ನೆ ಹಾಕಿದವರಿಗೆ ನನ್ನ ಸಲಹೆ, ಪುಸ್ತಕದಲ್ಲಿ ಕ್ಲಿಕ್ ಬೇಡ. ಓದುಗರಿಗೆ ಕೇಳಿಸಲ್ಲ, ಚಿಹ್ನೆ ಕಂಡರೆ ಹಾರಿಸಿ ಓದುತ್ತಾರೆ.

ಪ್ರಶ್ನೆ:
ಇರೋ ಭಾಷೆಗಳೇ ಸಾಯ್ತಿವೆ, ಕೊರಗ ಭಾಷೆ ಮಾತಾಡುವವರು ಎಷ್ಟು ಜನ ಉಳಿದಿದ್ದಾರೆ? ಇಲ್ಲದ ಭಾಷೆಗೆ ಇಷ್ಟು ತಲೆ ಕೆಡಿಸಿಕೊಳ್ಳೋದು ಹುಚ್ಚಲ್ವಾ?

ಉತ್ತರ:
ಕೋಪ ಅರ್ಥವಾಗುತ್ತೆ. ಆದರೆ ಇದೇ ಓಕ್ರಂಡ್ 1977ರಲ್ಲಿ ಪಿಎಚ್‌ಡಿಗೆ ಬರೆದದ್ದು ಕ್ಯಾಲಿಫೋರ್ನಿಯಾದ ಮುತ್ಸುನ್ ಭಾಷೆಯ ವ್ಯಾಕರಣ. ಅದನ್ನು ಚೆನ್ನಾಗಿ ಬಲ್ಲ ಕೊನೆಯ ಹೆಂಗಸು 1930ರಲ್ಲೇ ತೀರಿಕೊಂಡಿದ್ದರು. ಹಳೆಯ ಟಿಪ್ಪಣಿಗಳಿಂದಲೇ ವ್ಯಾಕರಣ ಕಟ್ಟಬೇಕಾಯಿತು. ಈಗ ಆ ಸಮುದಾಯದವರು ಭಾಷೆಯನ್ನು ಮತ್ತೆ ಕಲಿಯುವಾಗ ಆ ಕೆಲಸ ನೆರವಿಗೆ ಬಂದಿದೆ. ಒಂದು ಮಾಡಿದರೆ ಇನ್ನೊಂದು ಮಾಡಬಾರದು ಅಂತೇನಿಲ್ಲ. ನನ್ನ ತರಗತಿಯಲ್ಲಂತೂ ಕ್ಲಿಂಗನ್ ಅಂತ ಬಂದ ಹುಡುಗರೇ ಆಮೇಲೆ ತುಳು, ಕೊಡವದ ಕ್ರಿಯಾಪದ ಕೆದಕುತ್ತಾ ಕೂರುತ್ತಾರೆ.

ಪ್ರಶ್ನೆ:
ಮೊದಲ ಪ್ರಶ್ನೆ ನನ್ನದೇ. ತಿದ್ದಿದ್ದೇನೆ ನೋಡಿ. ಮಹಾಪ್ರಾಣ, ಗ, ದ, ಬ, ಸ ತೆಗೆದೆ. ಡ ಉಳಿಸಿದೆ, ಟ ತೆಗೆದೆ. ಗ಼ ಇದೆ. ಕ್ರಿಯಾಪದದಲ್ಲಿ ನಾನು ನೀನು ಯಾವುದೂ ಇಲ್ಲ. ಬದಲಿಗೆ ಕಣ್ಣಾರೆ ಕಂಡದ್ದಾದರೆ ಕೊನೆಗೆ ಡ್, ಯಾರೋ ಹೇಳಿದ್ದಾದರೆ ಗ಼್. ಕಾಡಿನವರಿಗೆ ಅದು ಮುಖ್ಯ ಅಂತ.

ಉತ್ತರ:
ಈಗ ಬಂದಿರಿ ದಾರಿಗೆ. ತುರ್ಕಿಯಲ್ಲಿ ಇದು ಇದೆ, ಗೆಲ್ದಿ ಅಂದರೆ ಬಂದ, ಗೆಲ್ಮಿಶ್ ಅಂದರೆ ಬಂದನಂತೆ. ಅಮೆಜಾನ್ ಕಡೆಯ ತುಯುಕ ಭಾಷೆಯಲ್ಲಿ ಐದು ಬಗೆ ಇವೆ. ಕಂಡದ್ದು, ಕೇಳಿಸಿದ್ದು, ಗುರುತು ನೋಡಿ ಊಹಿಸಿದ್ದು, ಹೀಗೆ. ನಮ್ಮ ಅಂತೆಗೂ ನಿಮ್ಮ ಗ಼್‌ಗೂ ಒಂದು ವ್ಯತ್ಯಾಸ ಕಾಪಾಡಿಕೊಳ್ಳಿ. ನಾವು ಅಂತೆ ಬೇಕಾದರೆ ಹಾಕುತ್ತೇವೆ, ಬಿಟ್ಟರೂ ವಾಕ್ಯ ನಿಲ್ಲುತ್ತೆ. ನಿಮ್ಮಲ್ಲಿ ಯಾವುದಾದರೂ ಒಂದು ಇರಲೇಬೇಕು, ಇಲ್ಲದಿದ್ದರೆ ಕ್ರಿಯಾಪದವೇ ಅಲ್ಲ ಅಂತ ಮಾಡಿ.

ಎರಡು ವಿಷಯ ನೀವೇ ತೀರ್ಮಾನಿಸಬೇಕು. ಡ್ ಆದ ಮೇಲೆ ತ, ಪ ಬಂದರೆ ಆ ಡ್ ಹಾಗೇ ಉಳಿಯುತ್ತಾ? ಉಳಿಯಲ್ಲ ಅಂದರೆ ನೀವು ಓಡಿಸಿದ ಟ ಹಿಂಬಾಗಿಲಿಂದ ವಾಪಸ್ ಬರುತ್ತೆ, ಬಂದರೆ ಒಳ್ಳೆಯದೇ, ಆದರೆ ನಿಯಮ ಒಂದೇ ತರ ಇರಲಿ. ಇನ್ನೊಂದು, ಕನಸಿನಲ್ಲಿ ಕಂಡದ್ದಕ್ಕೆ ಡ್ ಹಾಕುತ್ತಾರಾ, ಗ಼್ ಹಾಕುತ್ತಾರಾ? ಅದನ್ನು ಬರೆದು ಇಲ್ಲೇ ಹಾಕಿ, ಮುಂದಿನದು ಆಮೇಲೆ ನೋಡೋಣ.