ಫ್ರಾಯ್ಡ್ ಹೇಳಿದ 'ನಾನು' ಇದ್ದ ಮೇಲೆ ಕೋಹುಟ್ ಹೇಳುವ 'ಸೆಲ್ಫ್' ಯಾಕೆ?

ಕಾಫಿಬೀಜ: ಫ್ರಾಯ್ಡ್ ತರಹವೇ ಮನೋವಿಶ್ಲೇಷಕರಾದ ಹೈಂಜ್ ಕೋಹುಟ್ 1971ರಲ್ಲಿ 'ಸೆಲ್ಫ್' ಅಂತ ಹೊಸ ಅಂಗಡಿ ತೆರೆದರು. ಚಿಕ್ಕಂದಿನಲ್ಲಿ ಮೆಚ್ಚಿ ನೋಡುವವರಿಲ್ಲದಿದ್ದರೆ 'ನಾನು' ಅನ್ನುವುದು ಗಟ್ಟಿಯಾಗುವುದಿಲ್ಲವಂತೆ. ನನಗೆ ಫ್ರಾಯ್ಡ್ ಹೇಳಿದ ಅಹಂ ಸಾಕು. ಇಡ್, ಅಂದರೆ ಒಳಗಿನ ಕಾಡು ಆಸೆಗಳು, ಕುದುರೆ; ಅಹಂ ಸವಾರ. ಮುಗೀತು.

ತುಂಗಾತೀರ: 'ಅಹಂ ಸಾಕು' ಅಂತೆ! 1923ರ ಪುಸ್ತಕದಲ್ಲಿ ಫ್ರಾಯ್ಡ್ ಬರೆದದ್ದು 'ಇಷ್'. ಜರ್ಮನ್ ಮಗು ಕೂಡ ಆಡುವ ಮಾತು, ಅಂದರೆ 'ನಾನು'. ಅದಕ್ಕೆ 'ಈಗೋ' ಅನ್ನುವ ಲ್ಯಾಟಿನ್ ಅಂಗಿ ತೊಡಿಸಿದ್ದು ಇಂಗ್ಲಿಷ್ ಅನುವಾದ.

ಗೋಡೆಗಡಿಯಾರ: ಮಗುವಿನ ಮಾತಿನಲ್ಲಿ ಶಾಸ್ತ್ರ ನಡೆಯುತ್ತದಾ? ಸ್ಟ್ರೇಚಿ ಫ್ರಾಯ್ಡ್ ಬರಹಗಳ 24 ಸಂಪುಟಗಳನ್ನು ಇಂಗ್ಲಿಷಿಗೆ ತಂದವರು. ನಿಮ್ಮದು ಎಷ್ಟು ಸ್ವಾಮಿ?

ತುಂಗಾತೀರ: ಸಂಪುಟ ತೂಗೋಕೆ ಇದೇನು ಗುಜರಿ ಅಂಗಡಿಯಾ? 'ಅವನಿಗೆ ಬಹಳ ಅಹಂ' ಅಂದರೆ ನಮ್ಮಲ್ಲಿ ಜಂಬ ಅಂತ ಅರ್ಥ. ಫ್ರಾಯ್ಡ್ ಹೇಳಿದ 'ನಾನು' ಬಡಪಾಯಿ. ಇಡ್, ಸೂಪರ್‌ಈಗೋ ಅನ್ನುವ ಒಳಗಿನ ನೀತಿಮೇಷ್ಟ್ರು, ಹೊರಜಗತ್ತು, ಹೀಗೆ ಮೂವರು ಯಜಮಾನರ ಕೈಯಲ್ಲಿ ಬೈಸಿಕೊಳ್ಳುವ ಆಳು.

ಗೋಡೆಗಡಿಯಾರ: ಜಂಬದ ಮಾತು ನಿಮ್ಮ ಬಾಯಲ್ಲಿ!

ಮಜ್ಜಿಗೆಹುಳಿ: ಕೋಹುಟ್ ಕಡೆಗೆ ಬನ್ನಿ. 1979ರ 'ಮಿಸ್ಟರ್ ಝಡ್' ಬರಹದಲ್ಲಿ ಒಬ್ಬನೇ ರೋಗಿಗೆ ಎರಡು ಸಲ ಚಿಕಿತ್ಸೆ. ಒಮ್ಮೆ ಹಳೇ ದಾರಿ, ಒಮ್ಮೆ ಹೊಸದು. ಹೊಸದೇ ಫಲಿಸಿತು. ಇದಕ್ಕಿಂತ ಸಾಕ್ಷಿ ಬೇಕಾ?

ಕಾಫಿಬೀಜ: ಸಾಕ್ಷಿ? ಆ ಝಡ್ ಕೋಹುಟ್ ಅವರೇ ಅಂತ ಅವರ ಜೀವನಚರಿತ್ರೆ ಬರೆದವರೇ ಹೇಳಿದ್ದಾರೆ. ತಾನೇ ರೋಗಿ, ತಾನೇ ವೈದ್ಯ. ಮದುಮಗನೂ ನಾನೇ, ಪುರೋಹಿತನೂ ನಾನೇ ಅಂದ ಹಾಗಾಯಿತು.

ಮಜ್ಜಿಗೆಹುಳಿ: ಫ್ರಾಯ್ಡ್ ಮಾಡಿದ್ದೇನು? ಕನಸಿನ ಪುಸ್ತಕದ ತುಂಬ ತನ್ನದೇ ಕನಸು.

ಕಾಫಿಬೀಜ: 'ನನ್ನ ಕನಸು' ಅಂತ ಹೇಳಿಯೇ ಬರೆದರಲ್ಲ.

ಮಜ್ಜಿಗೆಹುಳಿ: ಫ್ರಾಯ್ಡ್ ಬರೆದ 1899ರ ಲೇಖನ ಓದಿ. ಹಸಿರು ಬಯಲು, ಹಳದಿ ಹೂವು. ಇಬ್ಬರು ಹುಡುಗರು ಒಬ್ಬ ಹುಡುಗಿಯ ಕೈಯಿಂದ ಹೂಗೊಂಚಲು ಕಿತ್ತುಕೊಳ್ಳುತ್ತಾರೆ. ಅಳುವ ಹುಡುಗಿಗೆ ರೈತ ಹೆಂಗಸು ಬ್ರೆಡ್ ಕೊಡುತ್ತಾಳೆ. ಯಾರೋ ರೋಗಿಯ ನೆನಪು ಅಂತ ಬರೆದರು. ಅದು ಫ್ರಾಯ್ಡ್ ಬಾಲ್ಯವೇ ಅಂತ 1946ರಲ್ಲಿ ಮನೋವಿಶ್ಲೇಷಕ ಬರ್ನ್‌ಫೆಲ್ಡ್ ತೋರಿಸಿಕೊಟ್ಟರು. ಈಗ ಪುರೋಹಿತ ಯಾರು?

ಕಾಫಿಬೀಜ: ಅದು ಸಣ್ಣ ಲೇಖನ. ಅದರ ಮೇಲೆ ಯಾರೂ ಹೊಸ ಪಂಥ ಕಟ್ಟಲಿಲ್ಲ.

ಹಿಮದಲ್ಲಿಹಪ್ಪಳ: ನಡುವೆ ಬಾಯಿ ಹಾಕಿದೆ, ಕ್ಷಮಿಸಿ. ಆರು ವರ್ಷದಿಂದ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಅದು 'ಇಷ್' ಅಲ್ಲ. ನಾಲಿಗೆ ಮೇಲೆತ್ತಿ, ಬೆಕ್ಕು ಸಿಟ್ಟಾದಾಗ ಮಾಡುವ ಸದ್ದು ಮಾಡಬೇಕು.

ಗೋಡೆಗಡಿಯಾರ: ನೋಡಿ, 'ನಾನು' ಅನ್ನೋಕೇ ಬರದವರು ಸ್ಟ್ರೇಚಿಗೆ ಪಾಠ ಹೇಳ್ತಿದ್ದಾರೆ.

ತುಂಗಾತೀರ: ಕನ್ನಡದಲ್ಲಿ ಆ ಅಕ್ಷರವೇ ಇಲ್ಲ ಮಾರಾಯರೇ! ನೀವೇ ಬರೆದು ತೋರಿಸಿ ನೋಡೋಣ.

ಗೋಡೆಗಡಿಯಾರ: ಈಗೋ.