ಗೇಜ್ ಚೆನ್ನಾಗಿದೆ, ಜಾಬ್ ಮಾತ್ರ ಹಸಿರಾಗುತ್ತಿದೆ: ವ್ಯಾಕ್ಯೂಮ್ ಫರ್ನೇಸ್‌ನಲ್ಲಿ ಲೀಕ್ ಇರಬಹುದೇ?

ಕುಲುಮೆ_ಪೀಣ್ಯ:
2 ಘನ ಮೀಟರ್ ಚೇಂಬರ್, ಗ್ರಾಫೈಟ್ ಹಾಟ್ ಜೋನ್ (ಕಾಯುವ ಒಳಭಾಗ), ಸೆಕೆಂಡಿಗೆ 5000 ಲೀಟರಿನ ಡಿಫ್ಯೂಷನ್ ಪಂಪ್. 316 ಸ್ಟೇನ್‌ಲೆಸ್‌ಗೆ ನಿಕ್ಕೆಲ್ ಫಿಲ್ಲರ್ ಬ್ರೇಜಿಂಗ್ (ಫಿಲ್ಲರ್ ಲೋಹ ಕರಗಿಸಿ ಭಾಗಗಳನ್ನು ಬೆಸೆಯುವುದು). ಗೇಜ್ 1.5×10⁻⁵ ಮಿಲಿಬಾರ್ ತೋರಿಸುತ್ತದೆ. ಆದರೂ ಜಾಬ್ (ಬ್ರೇಜ್ ಮಾಡಿದ ಭಾಗ) ಮಂಕು ಹಸಿರು, ಫಿಲ್ಲರ್ ಹರಿಯದೆ ಗುಂಡಾಗಿ ನಿಲ್ಲುತ್ತದೆ. ಲೀಕ್ ಅಂತ ಅನುಮಾನಿಸಬಹುದಾ?

ಹಾಟ್‌ಜೋನ್:
ಖಂಡಿತ. ಗೇಜ್ ತೋರಿಸುವುದು ಪಂಪ್ ಗೆದ್ದ ಮೇಲೆ ಉಳಿದ ಒತ್ತಡವನ್ನು, ಸೀಲ್‌ಗಳ ಬಿಗಿಯನ್ನಲ್ಲ. ಪಂಪ್ ಬೇರ್ಪಡಿಸಿದಾಗ ಲೀಕ್‌ನಿಂದ ಒತ್ತಡ ಗಂಟೆಗೆ 100 ಮೈಕ್ರಾನ್ (0.133 ಮಿಲಿಬಾರ್) ಏರುತ್ತದೆ ಅಂದುಕೊಳ್ಳಿ. 2000 ಲೀಟರ್ × 0.133 ಮಿಲಿಬಾರ್ ÷ 3600 ಅಂದರೆ ಸೆಕೆಂಡಿಗೆ 0.074 ಮಿಲಿಬಾರ್-ಲೀಟರ್. 5000ದಿಂದ ಭಾಗಿಸಿದರೆ ನಿಮ್ಮ 1.5×10⁻⁵ ಬರುತ್ತದೆ! ಇಷ್ಟರಲ್ಲೇ ಗಂಟೆಗೆ ಸುಮಾರು 70 ಮಿಲಿಗ್ರಾಂ ಆಮ್ಲಜನಕ ಒಳಬರುತ್ತದೆ. ಪಂಪ್ ಎಳೆಯುವ ಮೊದಲೇ ಕಾದ ಕ್ರೋಮಿಯಂ ಅದರಲ್ಲಿ ಪಾಲು ಕಸಿದುಕೊಳ್ಳುತ್ತದೆ. ಹಾಗೆ ಕೂರುವ ಹಸಿರು ಕ್ರೋಮಿಯಂ ಆಕ್ಸೈಡ್ ಪದರದ ಮೇಲೆ ಫಿಲ್ಲರ್ ಹರಡುವುದಿಲ್ಲ. ಟೈಟಾನಿಯಂ ಆಗಿದ್ದರೆ ಗಟ್ಟಿ, ಪೆಡಸು ಆಲ್ಫಾ ಕೇಸ್ (ಆಮ್ಲಜನಕ ಹೀರಿದ ಮೇಲ್ಪದರ) ಕೂರುತ್ತದೆ; ಅದನ್ನು ಮೆಷಿನ್ ಮಾಡಿಯೋ ಆಸಿಡ್‌ನಲ್ಲಿ ಕರಗಿಸಿಯೋ ತೆಗೆಯಬೇಕು.

ಲೀಕ್-ಅಪ್ ಟೆಸ್ಟ್ ಮಾಡಿ, ಅಂದರೆ ಪಂಪ್ ಬೇರ್ಪಡಿಸಿ ಒತ್ತಡ ಎಷ್ಟು ಏರುತ್ತದೆ ನೋಡಿ. ಬರ್ನ್‌ಔಟ್ (ಖಾಲಿ ಕಾಯಿಸಿ ಕೊಳೆ, ತೇವ ಓಡಿಸುವುದು) ಆದ ಖಾಲಿ, ತಣ್ಣಗಿನ ಫರ್ನೇಸ್ ಬೇಕು. 10⁻⁴ ಮಿಲಿಬಾರ್‌ಗಿಂತ ಕೆಳಗಿಳಿಸಿ, ವಾಲ್ವ್‌ಗಳನ್ನೆಲ್ಲ ಮುಚ್ಚಿ, ಮೊದಲ 15 ನಿಮಿಷ ಬಿಟ್ಟು ಮೈಕ್ರಾನ್ ಮಟ್ಟದ ಒತ್ತಡ ತೋರಿಸುವ ಪಿರಾನಿ ಗೇಜ್ ಓದಿ. ತೀರಾ ಕಡಿಮೆ ಒತ್ತಡ ಅಳೆಯುವ ಪೆನಿಂಗ್ ಗೇಜ್ ಆಫ್ ಇರಲಿ, ಅದು ತಾನೇ ಸ್ವಲ್ಪ ಗ್ಯಾಸ್ ನುಂಗುತ್ತದೆ. ಸಾಮಾನ್ಯ ಕೆಲಸಕ್ಕೆ ಗಂಟೆಗೆ 10 ಮೈಕ್ರಾನ್ ಮಿತಿ, ಟೈಟಾನಿಯಂನಂಥದಕ್ಕೆ 5.

ಕುಲುಮೆ_ಪೀಣ್ಯ:
ಪ್ರತಿ 15 ನಿಮಿಷಕ್ಕೆ ಏರಿದ್ದು 27, 26, 27, 26 ಮೈಕ್ರಾನ್.

ಹೀಲಿಯಂ4:
ಒಂದೇ ಸಮನೆ ಏರಿದೆ, ಹಾಗಾಗಿ ಇದು ನಿಜವಾದ ಲೀಕ್. ತೇವ ಅಥವಾ ಎಣ್ಣೆ ಆವಿಯಾಗಿದ್ದರೆ ಏರಿಕೆ ಬರಬರುತ್ತಾ ಕುಗ್ಗುತ್ತಿತ್ತು.

ಮೊದಲು ಬಾಗಿಲ ಓ-ರಿಂಗ್. ಹೊರತೆಗೆದು ಬಿರುಕು, ಚಪ್ಪಟೆಯಾದ ಜಾಗ ನೋಡಿ. ಫ್ಲೇಂಜ್ ಮೇಲೆ ರಿಂಗನ್ನು ಅಡ್ಡ ಹಾಯುವ ಗೀರೇ ಅಪಾಯ. ನೂಲು ಬಿಡದ ಬಟ್ಟೆಗೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿ. ಗ್ರೀಸ್ ಹೊಳಪು ಬರುವಷ್ಟೇ ಸಾಕು, ಹೆಚ್ಚಾದರೆ ಗ್ರಾಫೈಟ್ ದೂಳು ಹಿಡಿಯುತ್ತದೆ. ಬಿಸಿ ತಾಗುವಲ್ಲಿ ನೈಟ್ರೈಲ್ ರಬ್ಬರಿನ ರಿಂಗ್ ಬೇಡ, ವೈಟಾನ್ ರಬ್ಬರಿನದು ಹಾಕಿ, 200 ಡಿಗ್ರಿವರೆಗೆ ತಾಳುತ್ತದೆ.

ಆಗಲೂ ಏರಿಕೆ ಇಳಿಯದಿದ್ದರೆ ಹೀಲಿಯಂ ಡಿಟೆಕ್ಟರ್: ಹೊರಗಿನಿಂದ ಹೀಲಿಯಂ ಊದಿದರೆ, ತೂತಿನಿಂದ ಒಳಬಂದದ್ದನ್ನು ಅದು ಹಿಡಿಯುತ್ತದೆ. ಹೀಲಿಯಂ ಮೇಲಕ್ಕೇರುವ ಗ್ಯಾಸ್, ಆದ್ದರಿಂದ ಮೇಲ್ತುದಿಯಿಂದ ಶುರುಮಾಡಿ ಕೆಳಗಿಳಿಯಿರಿ: ಥರ್ಮೋಕಪಲ್, ಗೋಡೆ ದಾಟಿ ವಿದ್ಯುತ್ ಒಯ್ಯುವ ಪವರ್ ಫೀಡ್‌ಥ್ರೂ, ಫ್ಯಾನ್ ಶಾಫ್ಟ್ ಸೀಲ್. ಹೊರಗಿನಿಂದ ಎಷ್ಟು ಊದಿದರೂ ಸಿಗದ ಎರಡು ಜಾಗಗಳಿವೆ. ಒಂದು, ಕ್ವೆಂಚ್ ಗ್ಯಾಸ್ (ಜಾಬ್ ತಣಿಸುವ ಗ್ಯಾಸ್) ವಾಲ್ವಿನ ಸೀಟ್. ಆ ಲೈನಿನೊಳಗೇ ಹೀಲಿಯಂ ತುಂಬಿ ನೋಡಬೇಕು. ಇನ್ನೊಂದು ವಾಟರ್ ಜಾಕೆಟ್ ವೆಲ್ಡ್. ಫರ್ನೇಸ್ ತಣ್ಣಗಿರುವಾಗ ನೀರು ಬಸಿದು, ಕಂಪ್ರೆಸ್ಡ್ ಏರ್‌ನಿಂದ ಒಣಗಿಸಿ, ಜಾಕೆಟ್‌ಗೆ ಹೀಲಿಯಂ ಬಿಡಿ. ಅನುಮಾನ ಬಂದ ಕಡೆಗೆಲ್ಲ ಸೀಲಂಟ್ ಬಳಿಯಬೇಡಿ, ತೂತು ಅರ್ಧ ಮುಚ್ಚಿಕೊಂಡು ಡಿಟೆಕ್ಟರ್‌ಗೂ ಸಿಗದೆ ಹೋಗುತ್ತದೆ.